ಕನ್ನಡದಿಂದ ಪೋಲಿಷಿಗೆ ಹೋಗಲು ನಡುವೆ ಇಂಗ್ಲಿಷ್ ಯಾಕೆ?

ಪೋಲೆಂಡಿಗೆ ಹೊಸದಾಗಿ ಬರುವ ನಮ್ಮವರು ಒಂದು ಮಾತನ್ನು ಪದೇ ಪದೇ ಹೇಳುತ್ತಾರೆ: "ಪೋಲಿಷ್ ಕಲಿಯೋಕೆ ಆಗಲ್ಲ, 'ಹೋಗು' ಅನ್ನೋದಕ್ಕೇ ಹತ್ತು ಪದ ಇದೆ." ಹತ್ತಕ್ಕಿಂತ ಜಾಸ್ತಿಯೇ ಇವೆ, ನಿಜ. ಆದರೆ ಈ ಕಷ್ಟದಲ್ಲಿ ದೊಡ್ಡ ಪಾಲು ನಾವು ಹಿಡಿದ ದಾರಿಯಿಂದ ಬಂದದ್ದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮನಸ್ಸಿನಲ್ಲಿ ಕನ್ನಡದಲ್ಲಿ ಅಂದುಕೊಳ್ಳುತ್ತೇವೆ. ಅದನ್ನು ಇಂಗ್ಲಿಷ್ ಮಾಡುತ್ತೇವೆ. ಆಮೇಲೆ ಆ ಇಂಗ್ಲಿಷಿಗೆ ಪೋಲಿಷ್ ಪದ ಹುಡುಕುತ್ತೇವೆ. ನಡುವಿನ ಆ ಹೆಜ್ಜೆಯಲ್ಲಿ ನಮ್ಮ ಹತ್ತಿರ ಮೊದಲೇ ಇದ್ದ ಎಷ್ಟೋ ಸೂಕ್ಷ್ಮಗಳು ಕಳೆದುಹೋಗುತ್ತವೆ. ಪೋಲಿಷ್ ಕೇಳುವುದು ಅವನ್ನೇ.

ನಾನು ಇರುವುದು ವ್ರೊತ್ಸ್ವಾಫ್‌ನಲ್ಲಿ. ಇಂಗ್ಲಿಷ್ ಅಕ್ಷರ ನೋಡಿ ನಮ್ಮವರು 'ರೊಕ್ಲಾ' ಅಂತ ಓದುವ ಊರು. ಇಲ್ಲೂ ಕ್ರಾಕುಫ್‌ನಲ್ಲೂ ವಾರ್ಸಾದಲ್ಲೂ ಸಾಫ್ಟ್‌ವೇರ್ ಕೆಲಸಕ್ಕೆ, ಓದಿಗೆ ಬಂದ ಕನ್ನಡಿಗರು ಸಿಗುತ್ತಾರೆ. ನಾವೆಲ್ಲ ಪೋಲಿಷ್ ಕಲಿತದ್ದು, ಕಲಿಯುತ್ತಿರುವುದು ಇಂಗ್ಲಿಷ್ ಪುಸ್ತಕಗಳಿಂದ. ಪುಸ್ತಕದ ಪಟ್ಟಿಯಲ್ಲಿ 'ಗೋ' ಅಂತ ಒಂದು ಸಾಲು ಇರುತ್ತದೆ. ಎದುರಿಗೆ 'ಇಶ್ಚ್, ಹೊಜಿಚ್, ಯೆಹಚ್, ಯೆಜ್ಜಿಚ್' ಅಂತ ನಾಲ್ಕು ಪದ. ಎಲ್ಲಿ ಯಾವುದು ಅಂತ ಆ ಪಟ್ಟಿ ಹೇಳುವುದಿಲ್ಲ. ಕಲಿಯುವವರು ಮೊದಲನೆಯದನ್ನು ಉರು ಹೊಡೆದು, ಉಳಿದ ಮೂರನ್ನು ಬಿಟ್ಟುಬಿಡುತ್ತಾರೆ.

ಈ ನಾಲ್ಕು ಪದಗಳ ಲೆಕ್ಕ ನೋಡಿ. ಕಾಲ್ನಡಿಗೆಯಲ್ಲಿ ಹೋದರೆ ಇಶ್ಚ್. ಬಸ್ಸು, ಟ್ರಾಮು, ಕಾರು, ರೈಲು, ಸೈಕಲ್ಲು, ಕೊನೆಗೆ ಲಿಫ್ಟಿನಲ್ಲಿ ಹೋದರೂ ಯೆಹಚ್. ಇದು ಒಂದು ಭೇದ. ಇನ್ನೊಂದು ಭೇದ, ಈಗ ಒಂದು ಕಡೆ ಮುಖ ಮಾಡಿ ಹೋಗುತ್ತಿದ್ದೀರೋ, ಇಲ್ಲಾ ಹೋಗಿ ಬಂದು ಮಾಡುತ್ತಿರುತ್ತೀರೋ ಅನ್ನುವುದು. ಈಗ ಕೆಲಸಕ್ಕೆ ನಡೆದು ಹೊರಟಿದ್ದರೆ 'ಇದೆ ದೊ ಪ್ರಾತ್ಸಿ'. ದಿನಾ ನಡೆದೇ ಕೆಲಸಕ್ಕೆ ಹೋಗುವವರಾದರೆ 'ಹೊದ್ಜೆ ದೊ ಪ್ರಾತ್ಸಿ'. ವಾಹನವಾದರೆ 'ಯಾದೆ' ಮತ್ತು 'ಯೆಜ್ಜೆ'. ಹಾರುವುದಕ್ಕೆ ಲೆಚೆಚ್, ಲಾತಚ್. ಓಡುವುದಕ್ಕೆ ಬ್ಯೆತ್ಸ್, ಬ್ಯೆಗಚ್. ನೀರಿನ ಮೇಲೆ ಸಾಗುವುದಕ್ಕೆ ಪ್ವಿನೊಂಚ್, ಪ್ವಿವಚ್. ಹೀಗೆ ಜೋಡಿ ಜೋಡಿ.

ಇಂಗ್ಲಿಷ್ ಪುಸ್ತಕ ಈ ಜೋಡಿಯನ್ನು ವಿವರಿಸಲು ಪುಟಗಟ್ಟಲೆ ವ್ಯಾಕರಣ ಬರೆಯುತ್ತದೆ. ಕನ್ನಡದವರಿಗೆ ಅಷ್ಟು ಬೇಕಾಗಿಯೇ ಇಲ್ಲ. ಯಾಕೆಂದರೆ ನಮ್ಮಲ್ಲಿ 'ಆಡು' ಇದೆ. ಹಾರು, ಹಾರಾಡು. ಓಡು, ಓಡಾಡು. ನಡೆ, ನಡೆದಾಡು. ಹರಿ, ಹರಿದಾಡು. ಹಕ್ಕಿ ಗೂಡಿನ ಕಡೆ ಹಾರಿತು ಅಂದರೆ ಒಂದು ದಿಕ್ಕು. ಹಕ್ಕಿ ಹಾರಾಡುತ್ತಿದೆ ಅಂದರೆ ಆಕಡೆ ಈಕಡೆ, ಮತ್ತೆ ಮತ್ತೆ. ಲೆಚೆಚ್ ಮತ್ತು ಲಾತಚ್ ನಡುವೆ ಇರುವುದೂ ಇದೇ ಭೇದ. ಮಗು ಹೆಜ್ಜೆ ಇಡಲು ಕಲಿತ ಮೇಲೆ ಪೋಲಿಷ್ ಅಜ್ಜಿಯರು 'ಜೆತ್ಸ್ಕೊ ಯುಶ್ ಹೊಜಿ' ಅನ್ನುತ್ತಾರೆ. ನಮ್ಮ ಮನೆಗಳಲ್ಲಿ "ಮಗು ಆಗಲೇ ಓಡಾಡುತ್ತೆ" ಅನ್ನುತ್ತಾರೆ. ಇಬ್ಬರಿಗೂ ಅಲ್ಲಿ ಒಂದು ದಿಕ್ಕಿನ ಪದ ಬಾಯಿಗೆ ಬರುವುದಿಲ್ಲ.

'ಓಡಾಡು' ಅನ್ನುವ ಪದವಂತೂ ಇಲ್ಲಿ ನನಗೆ ದೊಡ್ಡ ಆಸರೆ. ಅದರಲ್ಲಿ ಓಟ ಯಾವಾಗಲೋ ಹೋಯಿತು. "ನಮ್ಮ ಯಜಮಾನರು ದಿನಾ ಮಂಡ್ಯದಿಂದ ಮೈಸೂರಿಗೆ ಓಡಾಡ್ತಾರೆ" ಅಂದರೆ ಅವರು ರಸ್ತೆಯಲ್ಲಿ ಓಡುತ್ತಾರೆ ಅಂತ ಯಾರೂ ತಿಳಿಯುವುದಿಲ್ಲ. ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಬಂದು ಮಾಡುತ್ತಾರೆ ಅಂತಲೇ ಅರ್ಥ. ಆ ಜಾಗಕ್ಕೆ ಪೋಲಿಷ್‌ನ 'ಯೆಜ್ಜಿಚ್' ಸರಿಯಾಗಿ ಕೂರುತ್ತದೆ. ಹೊಸಬರಿಗೆ 'ಗೋ' ಮರೆತು 'ಓಡಾಡು' ನೆನಪಿಟ್ಟುಕೊಳ್ಳಿ ಅಂದಾಗ ಅವರ ಮುಖದಲ್ಲಿ ಕಾಣುವ ನೆಮ್ಮದಿ ನೋಡಿದರೆ, ಇದನ್ನು ಮೊದಲ ದಿನವೇ ಯಾರಾದರೂ ಹೇಳಿಕೊಡಬೇಕಿತ್ತು ಅನ್ನಿಸುತ್ತದೆ.

ಹೊಂದಿಕೆ ನೂರಕ್ಕೆ ನೂರು ಇಲ್ಲ. ನಾವು "ದಿನಾ ಆಫೀಸಿಗೆ ಹೋಗ್ತೀನಿ" ಅಂತ ಬರೀ 'ಹೋಗು' ಬಳಸಿಯೂ ಹೇಳಬಹುದು. ಪೋಲಿಷ್ ಅಲ್ಲಿ ಬಿಡುವುದಿಲ್ಲ, ದಿನಾ ಅಂದಮೇಲೆ ಸಾಮಾನ್ಯವಾಗಿ ಜೋಡಿಯ ಎರಡನೇ ಪದವೇ ಬೇಕು. ಆದರೂ ಭೇದ ಏನು ಅಂತ ಮನಸ್ಸಿಗೆ ಹೊಳೆದ ಮೇಲೆ ಉಳಿದದ್ದು ಬರೀ ರೂಢಿ.

ಇನ್ನು 'ಟೇಕ್'. ನನಗೆ ಅತಿ ಹೆಚ್ಚು ಬೇಸರವಾಗುವುದು ಈ ಪದದಲ್ಲಿ. ಕನ್ನಡದಲ್ಲಿ ಮಗುವನ್ನು ಕರೆದುಕೊಂಡು ಹೋಗುತ್ತೇವೆ. ಚೀಲವನ್ನು ತೆಗೆದುಕೊಂಡು ಹೋಗುತ್ತೇವೆ. ಇನ್ನೂ ನಡೆಯದ ಕೂಸಾದರೆ ಎತ್ತಿಕೊಂಡು ಹೋಗುತ್ತೇವೆ. ಚೀಲವನ್ನು ಕರೆದುಕೊಂಡು ಹೋದೆ ಅಂತ ಎರಡು ವರ್ಷದ ಮಗುವೂ ಹೇಳುವುದಿಲ್ಲ. ಇಂಗ್ಲಿಷ್ ಇದನ್ನೆಲ್ಲ 'ಟೇಕ್' ಅನ್ನುವ ಒಂದೇ ಡಬ್ಬಕ್ಕೆ ತುಂಬುತ್ತದೆ. ಪೋಲಿಷ್ ಮತ್ತೆ ಬಿಡಿಸಿ ಕೇಳುತ್ತದೆ. ಕೈ ಹಿಡಿದು ನಡೆಸಿಕೊಂಡು ಹೋಗಿ ಬಿಟ್ಟರೆ 'ಜಪ್ರೊವಾಜಿಚ್'. ಎತ್ತಿಕೊಂಡು, ಹೊತ್ತುಕೊಂಡು ಹೋದರೆ 'ಜಾನ್ಯೆಶ್ಚ್'. ಗಾಡಿಯಲ್ಲಿ ಕೂರಿಸಿಕೊಂಡು ಅಥವಾ ಹಾಕಿಕೊಂಡು ಹೋದರೆ 'ಜಾವ್ಯೆಶ್ಚ್'. ತರುವುದಕ್ಕೂ ಹೀಗೆಯೇ: ವಸ್ತುವನ್ನು ನಡೆದು ತಂದರೆ 'ಪ್ಶಿನ್ಯೆಶ್ಚ್', ಗಾಡಿಯಲ್ಲಿ ತಂದರೆ 'ಪ್ಶಿವ್ಯೆಶ್ಚ್', ಜನರನ್ನು ಜೊತೆಯಲ್ಲಿ ನಡೆಸಿಕೊಂಡು ಬಂದರೆ 'ಪ್ಶಿಪ್ರೊವಾಜಿಚ್'. ಕರೆದುಕೊಂಡು ಮತ್ತು ತೆಗೆದುಕೊಂಡು ನಡುವಿನ ಭೇದ ಹುಟ್ಟಿನಿಂದ ನಾಲಿಗೆಯಲ್ಲಿದೆ. ಅದನ್ನು ಇಂಗ್ಲಿಷಿನಲ್ಲಿ ಕರಗಿಸಿ, ಪೋಲಿಷಿಗೆ ಬಂದು ಮತ್ತೆ ಹೊಸ ಪಾಠದ ಹಾಗೆ ಕಲಿಯುತ್ತೇವೆ. ಯಾಕೆ ಬೇಕು ಈ ಸುತ್ತು?

ಹತ್ತು, ಇಳಿ ವಿಷಯವೂ ಅಷ್ಟೇ. ಫ್ಶಾದಚ್ ಅಂದರೆ ಬಸ್ಸು ಹತ್ತು, ವಿಶಾದಚ್ ಅಂದರೆ ಇಳಿ. ಟ್ರಾಮಿನಲ್ಲಿ ಜನ ತುಂಬಿದ್ದಾಗ ಬಾಗಿಲ ಬಳಿ ನಿಂತವರನ್ನು ಹಿಂದಿನವರು "ಪಾನಿ ವಿಶಾದಾ?" ಅಂತ ಕೇಳುತ್ತಾರೆ. ಗಂಡಸಾದರೆ "ಪಾನ್ ವಿಶಾದಾ?" ನಮ್ಮ ಸಿಟಿ ಬಸ್ಸಿನಲ್ಲಿ "ಇಳಿತೀರಾ ಮೇಡಂ?" ಅಂತ ಕೇಳುವ ಹಾಗೆಯೇ. ಇದಕ್ಕೆ ಇಂಗ್ಲಿಷ್ ನೆನಪು ಮಾಡಿಕೊಳ್ಳುವಷ್ಟರಲ್ಲಿ ಸ್ಟಾಪು ಹೋಗಿರುತ್ತದೆ.

'ಲೀವ್' ಅನ್ನುವುದರಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಪರಿಚಯದ ಒಬ್ಬ ಹೆಣ್ಣುಮಗಳ ಮನೆಗೆ ಕೊರಿಯರ್‌ನವನು ಬಂದಿದ್ದ. ಗಂಡ ಕೆಳಗೆ ಅಂಗಡಿಗೆ ಹೋಗಿದ್ದರು, ಐದು ನಿಮಿಷದಲ್ಲಿ ಬರುವವರು. ಆಕೆ ಆ್ಯಪಿನಲ್ಲಿ ನೋಡಿ 'ವಿಯೆಹಾವ್' ಅಂದಳು. ಅದರ ಅರ್ಥ ಊರು ಬಿಟ್ಟು ಹೋಗಿದ್ದಾರೆ ಅಂತ. ಅವನು ಪಾರ್ಸೆಲ್ ವಾಪಸ್ ತೆಗೆದುಕೊಂಡು ಹೋದ. 'ವಿಶೆದ್' ಅಂದಿದ್ದರೆ ಹೊರಗೆ ಹೋಗಿದ್ದಾರೆ ಅಂತ ಆಗುತ್ತಿತ್ತು. ಇನ್ನೊಂದು ಪದ ಇದೆ, 'ಒತ್ಶೆದ್'. ದೂರ ನಡೆದ, ಬಿಟ್ಟು ಹೋದ ಅಂತ. ಕೆಲಸ ಬಿಟ್ಟವರಿಗೂ ಸಂಸಾರ ಬಿಟ್ಟವರಿಗೂ ಅದೇ. ತೀರಿಕೊಂಡವರಿಗೂ ಮೆಲ್ಲನೆ ಅದೇ ಪದ ಬಳಸುತ್ತಾರೆ. ನಮ್ಮಲ್ಲೂ "ಅವರು ಹೋಗಿಬಿಟ್ಟರು" ಅಂದರೆ ಕೇಳಿದವರ ಎದೆ ಒಂದು ಕ್ಷಣ ನಿಲ್ಲುತ್ತದೆ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವ ಜನ ನಾವು. ಈ ಪದಗಳನ್ನು ಎಲ್ಲಿ ಇಡಬಾರದು ಅನ್ನುವುದು ನಮಗೆ ಇಂಗ್ಲಿಷಿನ ಸಹಾಯವಿಲ್ಲದೆ ಚೆನ್ನಾಗಿ ಅರ್ಥವಾಗುತ್ತದೆ.

ಕನ್ನಡ ಎಲ್ಲದಕ್ಕೂ ದಾರಿ ತೋರಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಕಾಲ್ನಡಿಗೆ ಮತ್ತು ವಾಹನದ ಭೇದ ನಮ್ಮ 'ಹೋಗು'ವಿನಲ್ಲಿ ಇಲ್ಲ. ಅದನ್ನು ಹೊಸದಾಗಿಯೇ ಕಲಿಯಬೇಕು. ಇಲ್ಲಿ ಕಟ್ಟಡದ ಬಾಗಿಲ ಮೇಲೆ 'ವೆಯ್ಶ್ಚೆ' ಅಂತ ಇದ್ದರೆ ನಡೆದು ಒಳಗೆ ಹೋಗುವ ದಾರಿ, 'ವಿಯ್ಶ್ಚೆ' ಅಂದರೆ ಹೊರಗೆ. ಗೇಟಿನ ಮೇಲೆ 'ವ್ಯಾಸ್ತ್' ಅಂತ ಇದ್ದರೆ ಗಾಡಿ ಒಳಗೆ ಬರುವ ದಾರಿ, 'ವಿಯಾಸ್ತ್' ಅಂದರೆ ಗಾಡಿ ಹೊರಗೆ. ದಾರಿ ಕೇಳುವಾಗಲೂ ನಡೆದು ಮುಟ್ಟುವುದಾದರೆ 'ದೊಯ್ಶ್ಚ್', ಬಸ್ಸಿನಲ್ಲಿ ಮುಟ್ಟುವುದಾದರೆ 'ದೊಯೆಹಚ್'. ರೈಲು ನಿಲ್ದಾಣದ ಬೋರ್ಡಿನಲ್ಲಿ 'ಒದ್ಯಾಜ್ದಿ' ಅಂದರೆ ಹೊರಡುವ ರೈಲು, 'ಪ್ಶಿಯಾಜ್ದಿ' ಅಂದರೆ ಬರುವ ರೈಲು. ವಿಮಾನ ನಿಲ್ದಾಣಕ್ಕೆ ಹೋದರೆ ಅವೇ 'ಒದ್ಲೊತಿ', 'ಪ್ಶಿಲೊತಿ' ಆಗುತ್ತವೆ, ಯಾಕೆಂದರೆ ಅಲ್ಲಿ ಹಾರಾಟ. ಪದದ ಮೊದಲ ತುಂಡು ದಿಕ್ಕು ಹೇಳುತ್ತದೆ, ಉಳಿದದ್ದು ಹೇಗೆ ಹೋಗುವುದು ಅಂತ ಹೇಳುತ್ತದೆ. ವಿ ಅಂದರೆ ಹೊರಗೆ, ಪ್ಶಿ ಅಂದರೆ ಇತ್ತ, ಒದ್ ಅಂದರೆ ದೂರಕ್ಕೆ, ದೊ ಅಂದರೆ ಮುಟ್ಟುವ ತನಕ. ನಿಲ್ದಾಣದ ಬೋರ್ಡುಗಳನ್ನೇ ಪಾಠ ಮಾಡಿಕೊಂಡರೂ ಅರ್ಧ ಕ್ರಿಯಾಪದ ಬರುತ್ತದೆ.

ಊರೊಳಗಿನ ಓಡಾಟದಲ್ಲಿ ಈ ನಿಯಮವೂ ಸಡಿಲವಾಗುತ್ತದೆ. ಸಿನಿಮಾಗೆ ಹೋಗುತ್ತೇನೆ ಅನ್ನುವಾಗ ಟ್ರಾಮಿನಲ್ಲಿ ಹೊರಟವರೂ ನಡೆಯುವ ಪದವನ್ನೇ ಹೇಳುತ್ತಾರೆ. ಅಲ್ಲಿ ಮುಖ್ಯ ಸಿನಿಮಾ, ಗಾಡಿಯಲ್ಲ. ಮಕ್ಕಳು ಶಾಲೆಗೆ ಹೋಗುವುದಕ್ಕೆ ಬಸ್ಸಿದ್ದರೂ 'ಹೊಜಿಚ್'. "ಏನು ವಿಷಯ?" ಅಂತ ಕೇಳಲು 'ಒ ತ್ಸೊ ಹೊಜಿ?' ಅನ್ನುತ್ತಾರೆ. ಟಿವಿಯಲ್ಲಿ ಏನು ಬರುತ್ತಿದೆ ಅನ್ನಲು 'ತ್ಸೊ ಲೆಚಿ?', ಏನು ಹಾರುತ್ತಿದೆ ಅಂತ. ನಮಗೆ ಟಿವಿಯಲ್ಲಿ ಸಿನಿಮಾ 'ಬರುತ್ತದೆ', ಅವರಿಗೆ ಹಾರುತ್ತದೆ.

ಇನ್ನೊಂದು ವಿಷಯ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ನಮ್ಮಲ್ಲಿ ಹೋದ, ಹೋದಳು ಇದೆ, ಆದರೆ 'ನಾನು ಹೋದೆ' ಇಬ್ಬರಿಗೂ ಒಂದೇ. ಪೋಲಿಷ್‌ನಲ್ಲಿ ಗಂಡಸು 'ಪೊಶೆದ್ವೆಮ್' ಅನ್ನಬೇಕು, ಹೆಂಗಸು 'ಪೊಶ್ವಾಮ್' ಅನ್ನಬೇಕು. ಇಂಗ್ಲಿಷಿನ 'ಐ ವೆಂಟ್' ಹಾಕಿದರೆ ಅನುವಾದದ ಆ್ಯಪ್‌ಗಳು ಎಷ್ಟೋ ಸಲ ಗಂಡಸಿನ ರೂಪವನ್ನೇ ಕೊಡುತ್ತವೆ. ಡಾಕ್ಟರ ಹತ್ತಿರ, ಆಫೀಸಿನ ಮೇಲ್‌ನಲ್ಲಿ, ಮಗುವಿನ ಶಾಲೆಯಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡಸಿನ ಹಾಗೆ ಮಾತಾಡುತ್ತಿರುತ್ತಾರೆ. ಕೇಳಿದವರು ಮರ್ಯಾದೆಗೆ ಸುಮ್ನೆ ಇರುತ್ತಾರೆ, ತಿದ್ದುವುದಿಲ್ಲ. ಕನ್ನಡದಂಥ ಭಾಷೆಯಿಂದ ಪೋಲಿಷಿಗೆ ತಿರುಗಿಸುವಾಗ ನಡುವೆ ಇಂಗ್ಲಿಷನ್ನು ಇಟ್ಟುಕೊಳ್ಳುವ ರೂಢಿ ಯಂತ್ರಗಳಲ್ಲೂ ಬಹಳ ಕಾಲದಿಂದ ಇದೆ. ಕನ್ನಡದಲ್ಲಿ 'ಕರೆದುಕೊಂಡು' ಅಂತ ಬರೆದರೂ ಹಾಗೆ ಸುತ್ತಿ ಬರುವಷ್ಟರಲ್ಲಿ ಅದು 'ಟೇಕ್' ಆಗಿರುತ್ತದೆ.

ಎಲ್ಲಿಗೆ ಅನ್ನುವುದರಲ್ಲೂ ಒಂದು ಕಥೆ ಇದೆ. ನಮಗೆ 'ಗೆ' ಅಥವಾ 'ಕ್ಕೆ' ಸಾಕು. ಇಲ್ಲಿ ಅಂಗಡಿಗೆ 'ದೊ', ಪೋಸ್ಟಾಫೀಸಿಗೆ 'ನ'. ಮನೆಯಿಂದ ಸುಮ್ನೆ ಹೊರಗೆ ಹೋಗುತ್ತೇನೆ ಅನ್ನಲು ವಾರ್ಸಾದವರು 'ನ ದ್ವೂರ್' ಅನ್ನುತ್ತಾರೆ, ಕ್ರಾಕುಫ್‌ನವರು 'ನ ಪೊಲೆ', ಅಂದರೆ ಹೊಲಕ್ಕೆ. ಸುತ್ತ ಬರೀ ಕಟ್ಟಡಗಳಿದ್ದರೂ ಹೊಲಕ್ಕೇ. ಎರಡೂರಿನವರು ಇದರ ಮೇಲೆ ಇವತ್ತಿಗೂ ಜಗಳ ಕಾಯುತ್ತಾರೆ. ದೇಶಗಳ ಹೆಸರಿನಲ್ಲಿ ಇದು ಇನ್ನೂ ಗಂಭೀರ. ಹೆಚ್ಚಿನ ದೇಶಗಳಿಗೆ 'ದೊ'. ಹಂಗೇರಿ, ಲಿಥುವೇನಿಯಾ, ಸ್ಲೊವಾಕಿಯಾ, ಉಕ್ರೇನ್‌ನಂಥ ಕೆಲವು ಅಕ್ಕಪಕ್ಕದ ದೇಶಗಳಿಗೆ ಹಳೆಯ ರೂಢಿಯಂತೆ 'ನ'. ಉಕ್ರೇನ್‌ಗೆ 'ನ' ಹಾಕಿದರೆ ಅದನ್ನು ಸ್ವತಂತ್ರ ದೇಶ ಅಂತ ಎಣಿಸದೆ ಒಂದು ಪ್ರದೇಶದ ಹಾಗೆ ನೋಡಿದಂತೆ ಅಂತ ಅಲ್ಲಿನ ಅನೇಕರಿಗೆ ನೋವು. 2022ರಲ್ಲಿ ಯುದ್ಧ ಶುರುವಾಗಿ ಲಕ್ಷಾಂತರ ಜನ ಗಡಿ ದಾಟಿ ಇಲ್ಲಿಗೆ ಬಂದರು. ಅದೇ ವರ್ಷ ಪೋಲಿಷ್ ಭಾಷಾ ಮಂಡಳಿ 'ದೊ ಉಕ್ರಾಯಿನಿ' ಅನ್ನುವ ರೂಪವನ್ನು ಹೆಚ್ಚು ಬಳಸಿ ಅಂತ ಸಲಹೆ ಕೊಟ್ಟಿತು. 'ನ' ತಪ್ಪು ಅಂತ ಹೇಳಲಿಲ್ಲ. ನಾನು 'ದೊ' ಅಂತಲೇ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಉಕ್ರೇನಿನ ಹುಡುಗಿಯ ಮುಂದೆ ಬೇರೆ ಥರ ಹೇಳಲು ನನಗೆ ಮನಸ್ಸಿಲ್ಲ.

ಇಷ್ಟು ಬರೆಯಲು ಕಾರಣ ಇದೆ. ಪೋಲಿಷಿಗೆ ಕನ್ನಡದಿಂದಲೇ ನೇರವಾಗಿ ಹೋಗುವ ಒಂದು ಸಣ್ಣ ಪದಪಟ್ಟಿ ನಮಗೆ ಬೇಕು. ದೊಡ್ಡ ನಿಘಂಟು ಬೇಡ. ಹೋಗು, ಬಾ, ಕರೆದುಕೊಂಡು ಬಾ, ತೆಗೆದುಕೊಂಡು ಹೋಗು, ಎತ್ತಿಕೋ, ಹತ್ತು, ಇಳಿ, ಓಡಾಡು, ತಲುಪು, ಬಿಟ್ಟು ಬಾ. ಒಂದೊಂದಕ್ಕೂ ಮನೆಯಲ್ಲಿ ಆಡುವಂಥ ಒಂದು ಕನ್ನಡ ವಾಕ್ಯ, ಅದರ ಎದುರಿಗೆ ಇಲ್ಲಿನ ಜನ ನಿಜವಾಗಿ ಆಡುವ ಪೋಲಿಷ್ ವಾಕ್ಯ, ಗಂಡಸಿನದ್ದು ಒಂದು, ಹೆಂಗಸಿನದ್ದು ಒಂದು. ನಾನು ಶುರು ಮಾಡಿದ್ದೇನೆ. ಪೋಲಿಷ್ ವಾಕ್ಯಗಳನ್ನು ನಮ್ಮ ಪಕ್ಕದ ಮನೆಯ ನಿವೃತ್ತ ಟೀಚರ್ ಒಬ್ಬರು ನೋಡಿ ತಿದ್ದುತ್ತಿದ್ದಾರೆ. ಅವರಿಗೆ ಕನ್ನಡದ 'ಆಡು' ಬಗ್ಗೆ ಹೇಳಿದಾಗಿನಿಂದ ಇನ್ನೂ ಯಾವ ಯಾವ ಕ್ರಿಯಾಪದಕ್ಕೆ ಅದು ಸೇರುತ್ತದೆ ಅಂತ ಕೇಳುತ್ತಲೇ ಇದ್ದಾರೆ. ಪೊಜ್ನಾನ್, ಗ್ದಾನ್ಸ್ಕ್, ವುಚ್ ಕಡೆ ಇರುವ ಕನ್ನಡಿಗರು ತಮಗೆ ದಿನಾ ಬೇಕಾಗುವ ವಾಕ್ಯಗಳನ್ನು ಕೆಳಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಹೇಳುವ ಹಾಗೆಯೇ. ಇಂಗ್ಲಿಷ್ ಮಾಡಿ ಕಳಿಸಬೇಡಿ.