ಮೆಕ್ಕೆಜೋಳದ ಊರಲ್ಲಿ ಪಾಪ್‌ಕಾರ್ನ್ ಅರಳಿಸೋ ಪಾಡು

ಮೇಡಂ, ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಪಾಪ್‌ಕಾರ್ನ್ ಹೊಲಿಗೆ, ಅಂದ್ರೆ ಜೋಳದ ಅರಳಿನ ಹಾಗೆ ಉಬ್ಬೋ ಹೊಲಿಗೆ, ಹಾಕೋದು ಹೇಗೆ ಅನ್ನೋ ನಿಮ್ಮ ಲೇಖನ ಓದಿ ನಾನೂ ಹಾಕೋಕೆ ಕೂತೆ. ಒಂದೇ ತೂತಿಗೆ 5 ಟ್ರೆಬಲ್ (ಕಂಬದ ಹಾಗೆ ಉದ್ದ ನಿಲ್ಲೋ ಹೊಲಿಗೆ), ಆಮೇಲೆ ಕಡ್ಡಿ ಬಿಡಿಸಿ ಮೊದಲನೇ ಟ್ರೆಬಲ್ ತಲೆಗೆ ಚುಚ್ಚಿ, ಬಿಟ್ಟ ಕುಣಿಕೆ ಎಳೆಯೋದು, ಅಷ್ಟೇ ಅಂದಿದ್ದೀರಿ. ಅಷ್ಟೇ ಅಲ್ಲ! ಎರಡನೇ ಸಾಲಿನ ಉಬ್ಬೆಲ್ಲ ಹಿಂದಕ್ಕೆ ತಿರುಗಿ ಕೂತವು. ನಮ್ಮೂರ ಮಂಡಿಪೇಟೆಯಿಂದ ತಂದ ಉಲ್ಲನ್ ಮೂರು ಸಲ ಬಿಚ್ಚಿದೆ. ಕೊನೆಗೆ ನಮ್ಮತ್ತೆ ಕನ್ನಡಕ ಏರಿಸಿ ನೋಡಿ, 'ಹೆಣಿಗೆ ತಿರುಗಿಸಿ ಹಾಕೋ ಸಾಲಲ್ಲಿ ಕಡ್ಡೀನ ಹಿಂದಿನಿಂದ ಮುಂದಕ್ಕೆ ಚುಚ್ಚಬೇಕವ್ವಾ' ಅಂದ್ರು. ದಯವಿಟ್ಟು ಇದನ್ನೂ ಸೇರಿಸಿ. ಅಮೆರಿಕದ ವಿಡಿಯೊಗಳಲ್ಲಿ ಈ ಟ್ರೆಬಲನ್ನೇ ಡಬಲ್ ಅಂತಾರೆ, ಅದನ್ನೂ ಹೇಳಿ. ಅಂದಹಾಗೆ, ಈ ಹೊಲಿಗೆ ಉಲ್ಲನ್ ಬಕಾಸುರ. ಒಂದು ಉಂಡೆ ಸಾಕು ಅಂದ್ಕೊಂಡಿದ್ದ ಕೂಸಿನ ಟೋಪಿ ಎರಡು ನುಂಗಿತು.