ಸೋಪಲ್ಲಿ ನೊರೆ ಬರದೆ ಇನ್ನೇನು ಬರತ್ತೆ ಅಂತೆ

"ಸೋಪಲ್ಲಿ ನೊರೆ ಬರದೆ ಇನ್ನೇನು ಬರತ್ತೆ ಮೇಡಂ."

ಹೊಸ ಕುಕಿಂಗ್ ರೇಂಜ್ ಫಿಟ್ ಮಾಡೋಕೆ ಬಂದಿದ್ದವನು ಕಳಿಸಿದ ಏಳು ಸೆಕೆಂಡಿನ ವಾಯ್ಸ್ ಮೆಸೇಜು. ನಿನ್ನೆ ಸಂಜೆಯಿಂದ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಕೇಳಿದಾಗಲೆಲ್ಲ ಮೈ ಉರಿಯತ್ತೆ, ಆದ್ರೂ ಮತ್ತೆ ಹಾಕ್ಕೊಂಡು ಕೇಳ್ತೀನಿ. ಕೊನೇಲಿ ನಗ್ತಾನೆ. ಪಕ್ಕದಲ್ಲಿ ಇನ್ಯಾರೋ ಇದಾನೆ, ಅವನೂ ನಗ್ತಾನೆ.

ನಗೋ ಅಂಥದ್ದು ಏನಿತ್ತು ಇದರಲ್ಲಿ? ಯಾರಾದ್ರೂ ಹೇಳಿ ನಂಗೆ.

ರೇಂಜ್ ಬಂದಿದ್ದು ನಿನ್ನೆ ಶನಿವಾರ ಮಧ್ಯಾಹ್ನ. ಮೇಲೆ ನಾಲ್ಕು ಬರ್ನರ್, ಕೆಳಗೆ ಗ್ಯಾಸ್ ಓವನ್. ಎರಡು ವರ್ಷ ಚೀಟಿ ಕಟ್ಟಿ ತಗೊಂಡಿದ್ದು, ಆ ಕಥೆ ಬೇಡ ಈಗ. ಫಿಟ್ಟಿಂಗ್ ಫ್ರೀ ಅಂದಿದ್ರು ಅಂಗಡೀಲಿ. ಬಂದವನು ಹೆಲ್ಮೆಟ್ ತೆಗೆದಿಟ್ಟಿದ್ದೂ ಕೆಲಸ ಮುಗಿಸಿದ್ದೂ ಎಲ್ಲಾ ಸೇರಿ ಇಪ್ಪತ್ತು ನಿಮಿಷ ಆಗಿರಬಹುದು. ಸಿಲಿಂಡರ್ ಇರೋದು ಕಿಟಕಿ ಕಡೆ ಮೂಲೇಲಿ, ರೇಂಜ್ ಇಟ್ಟಿದ್ದು ಈ ಕಡೆ ಚಿಮಣಿ ಕೆಳಗೆ, ಇದ್ದ ಕಿತ್ತಳೆ ಬಣ್ಣದ ಪೈಪ್ ಎಟುಕಲಿಲ್ಲ. ಅದಕ್ಕೆ ಏನು ಮಾಡಿದ ಗೊತ್ತಾ, ಬ್ಯಾಗಿಂದ ಒಂದು ಹಸಿರು ಪ್ಲಾಸ್ಟಿಕ್ ಪೈಪ್ ತೆಗೆದ, ಗಿಡಕ್ಕೆ ನೀರು ಬಿಡ್ತೀವಲ್ಲ ಆ ಥರದ್ದು, ನಮ್ಮ ಹಳೇ ಪೈಪಿನ ತುದಿಗೆ ಒಂದು ಹಿತ್ತಾಳೆ ತುಂಡು ತೂರಿಸಿ ಇದನ್ನ ಸೇರಿಸಿ ಎರಡು ಕಡೆ ಕ್ಲಿಪ್ ಬಿಗಿದ. ಆಮೇಲೆ ಇಡೀ ರೇಂಜನ್ನ ಗೋಡೆಗೆ ಒತ್ತಿ ತಳ್ಳಿದ. ಪೈಪ್ ಓವನ್ ಬೆನ್ನಿಗೆ ಅಂಟಿಕೊಂಡು ಹಿಂದೆ ಸಿಕ್ಕಿಹಾಕಿಕೊಂತು. ಒಂದು ಕಾಲು ಅಲ್ಲಾಡ್ತಿತ್ತು, ಅದಕ್ಕೆ ರಟ್ಟು ಮಡಚಿ ಕೊಟ್ಟ. ಡಬ್ಬದಲ್ಲಿ ಒಂದು ಕ್ಲಾಂಪ್ ಬಂದಿತ್ತು, ಓವನ್ ಬಾಗಿಲು ತೆಗೆದಾಗ ಭಾರಕ್ಕೆ ರೇಂಜ್ ಮುಂದಕ್ಕೆ ಮಗುಚಬಾರದು ಅಂತ ಹಿಂದೆ ಗೋಡೆಗೆ ಹಿಡಿಸೋದು, ಅದನ್ನ ಫ್ರಿಜ್ ಮೇಲೆ ಇಟ್ಟು "ಇದೆಲ್ಲ ಬೇಡ ಮೇಡಂ, ಸುಮ್ನೆ ಕೊಟ್ಟಿರ್ತಾರೆ" ಅಂದ. ನಮ್ಮನೇಲಿ ಆರು ವರ್ಷದ ಹುಡುಗ ಇದಾನೆ. ಬೀರು ಬಾಗಿಲು ಹಿಡಿದು ಜೋತಾಡೋ ಹುಡುಗ. ಓವನ್ ಬಾಗಿಲ ಮೇಲೆ ಹತ್ತಿ ನಿಲ್ಲಲ್ಲ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

ನಾನು ಇಷ್ಟೇ ಕೇಳಿದ್ದು: "ಸ್ವಲ್ಪ ಸೋಪಿನ ನೀರು ಹಚ್ಚಿ ನೋಡಿಬಿಡಪ್ಪ, ಲೀಕ್ ಇದ್ಯಾ ಅಂತ." ಜಗಳ ಆಡಲಿಲ್ಲ, ಏಕವಚನದಲ್ಲಿ ಬೈಯಲಿಲ್ಲ. ಬಟ್ಟಲಲ್ಲಿ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿಕೊಂಡು ನಾನೇ ತಂದು ಹಿಡಿದು ನಿಂತಿದ್ದೆ.

ಅವನು ನನ್ನ ಮುಖಾನೂ ನೋಡಲಿಲ್ಲ. ನಮ್ಮನೆಯವರನ್ನ ನೋಡಿದ. "ಸರ್, ಮೇಡಂ ಮೊಬೈಲಲ್ಲಿ ವಿಡಿಯೋ ಜಾಸ್ತಿ ನೋಡ್ತಾರೆ ಅನ್ಸತ್ತೆ" ಅಂದ. ಅಂದು, ಜೇಬಿಂದ ಸಿಗರೇಟ್ ಲೈಟರ್ ತೆಗೆದು, ಹಚ್ಚಿ, ರೆಗ್ಯುಲೇಟರ್ ಹತ್ತಿರ ಹಿಡಿದ. ಹೌದು, ಉರಿಯೋ ಲೈಟರ್. ಸಿಲಿಂಡರ್ ಬಾಯಿ ಸುತ್ತ, ಮೆಲ್ಲಗೆ, ಆರತಿ ಎತ್ತೋ ಹಾಗೆ. "ನೋಡಿ, ಹತ್ಕೊಂಡ್ತಾ? ಇಲ್ಲ ತಾನೆ?"

ನಾನು ಕಿರುಚಿಕೊಂಡು ಹಿಂದಕ್ಕೆ ಹಾರಿದೆ. ಬಟ್ಟಲು ಕೈಯಿಂದ ಬಿತ್ತು. ಸೋಪಿನ ನೀರು ನೆಲ ಎಲ್ಲಾ ಆಗಿ ನಾನು ಅದರಲ್ಲೇ ಜಾರಿ ಸ್ಲ್ಯಾಬ್ ಹಿಡ್ಕೊಂಡೆ. ಆಗ ನಕ್ಕರು. ಅವನು ನಕ್ಕ. ನಮ್ಮನೆಯವರು ನಕ್ಕರು. ಮೈದುನ ಬಾಗಿಲಲ್ಲಿ ನಿಂತಿದ್ದ, ಅವನೂ ನಕ್ಕ. ಅತ್ತೆ "ಇವಳಿಗೆ ಮೊದಲಿಂದಾನೂ ಪುಕ್ಕಲು" ಅಂದ್ರು. ನನ್ನ ಮಗ, ಏನಾಯ್ತು ಅಂತಾನೂ ಗೊತ್ತಿಲ್ಲ ಅದಕ್ಕೆ, ಎಲ್ಲರೂ ನಗ್ತಿದಾರೆ ಅಂತ ಅದೂ ನಕ್ತು. ನಾನು ಅಡುಗೆಮನೆ ಒರೆಸೋ ಬಟ್ಟೆ ತಗೊಂಡು ಅವರೆಲ್ಲರ ಕಾಲ ಹತ್ತಿರ ಬಗ್ಗಿ ನೆಲ ಒರೆಸಿದೆ. ಒರೆಸ್ತಾ ಇರೋವಾಗ ಅವನ ಶೂ ನನ್ನ ಬಟ್ಟೆ ಮೇಲೇ ಇತ್ತು, ಕಾಲು ತೆಗೀಲಿಲ್ಲ. ನಾನೇ ಬಟ್ಟೆ ಎಳಕೊಂಡೆ. ಅದೊಂದು ಕ್ಷಣ ನಿನ್ನೆಯಿಂದ ಕಣ್ಣ ಮುಂದೇ ಇದೆ, ಆ ಶೂ, ಅದರ ಮೇಲೆ ಒಣಗಿದ ಸಿಮೆಂಟ್ ಕಲೆ. ಅವತ್ತೇ ಯಾಕೆ "ಕಾಲು ತೆಗಿ" ಅನ್ನಲಿಲ್ಲ ನಾನು? ಯಾಕೆ ಸುಮ್ನಾದೆ?

ಬಿಡಿ. ಹೋಗ್ಲಿ. ಎಲ್ಲಾ ಕಡೆ ಹೀಗೇ. ಫಿಟ್ಟಿಂಗ್ ಹುಡುಗನಿಗೆ ತಿಂಗಳಿಗೆ ಎಷ್ಟು ಕೊಡ್ತಾರೋ, ಅವನಿಗೆ ಯಾರು ಏನು ಹೇಳಿಕೊಟ್ಟಿದಾರೋ. ಅವನ ಮೇಲೆ ಕೋಪ ಮಾಡ್ಕೊಂಡು ಏನು ಪ್ರಯೋಜನ ಅಂತ ರಾತ್ರಿ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ. ಬೆಳಿಗ್ಗೆ ಎದ್ದು ಮತ್ತೆ ಆ ಏಳು ಸೆಕೆಂಡ್ ಕೇಳಿದೆ. ಇಲ್ಲ, ಬಿಡೋಕಾಗಲ್ಲ.

ಅವನು ಹೋದ ಮೇಲೆ ಮತ್ತೆ ಸೋಪಿನ ನೀರು ಮಾಡಿದೆ. ಇವರು ಕಾಫಿ ಕುಡ್ಕೊಂಡು ಮ್ಯಾಚ್ ನೋಡ್ತಿದ್ರು. ರೇಂಜನ್ನ ನಾನೊಬ್ಬಳೇ ಒಂದೊಂದು ಇಂಚು ಎಳೆದು ಮುಂದಕ್ಕೆ ತಂದೆ. ನಾಬ್ ಎಲ್ಲಾ ಆಫ್, ರೆಗ್ಯುಲೇಟರ್ ಆನ್, ಹಾಗೇ ನೋಡಬೇಕು. ರೆಗ್ಯುಲೇಟರ್ ಹತ್ತಿರ ಹಚ್ಚಿದೆ, ಏನೂ ಇಲ್ಲ. ರೇಂಜ್ ಬೆನ್ನಲ್ಲಿ ಪೈಪ್ ಸೇರೋ ಜಾಗಕ್ಕೆ ಹಚ್ಚಿದೆ, ಏನೂ ಇಲ್ಲ. ಆ ಹಿತ್ತಾಳೆ ತುಂಡಿನ ಹತ್ತಿರ ಹಚ್ಚಿದೆ. ಮೊದಲು ನೊರೆ, ಸರಿ, ಸೋಪಿನ ನೊರೆ, ಅದು ಕೂತು ಒಡೆದು ಹೋಯ್ತು. ಆಮೇಲೆ ಕ್ಲಿಪ್ ಅಂಚಲ್ಲಿ ಸಾಸಿವೆ ಕಾಳಷ್ಟು ಒಂದು ಗುಳ್ಳೆ ಎದ್ದು ನೋಡ್ತಾ ನೋಡ್ತಾ ಕಡಲೆಕಾಳಷ್ಟಾಗಿ ಒಡೀತು. ಅದೇ ಜಾಗದಲ್ಲಿ ಇನ್ನೊಂದು. ಅದು ಒಡೀತು, ಮತ್ತೊಂದು. ಒಂದು ನಿಮಿಷ ಅಲ್ಲಾಡದೆ ನೋಡಿದೆ, ನಿಲ್ಲಲೇ ಇಲ್ಲ. ಸೋಪಿನ ನೊರೆ ಹಾಗೆ ಒಂದೇ ಕಡೆಯಿಂದ ಹುಟ್ಟಿ ಹುಟ್ಟಿ ಬರತ್ತಾ? ಊದೋರು ಯಾರು ಅದನ್ನ? ಒಳಗಿಂದ ಗ್ಯಾಸ್ ಊದ್ತಿದೆ ಅಂತಲ್ವಾ ಅರ್ಥ? ಇದನ್ನೇ ವಿಡಿಯೋ ಮಾಡಿ ಅವನಿಗೆ ಕಳಿಸಿದ್ದು. ಇದನ್ನ ನೋಡಿ ಅವನು ಹೇಳಿದ್ದು ಆ ಮಾತು.

ಆ ಮೆಸೇಜನ್ನ ಇವರು ನನ್ನ ಫೋನ್ ಇಸ್ಕೊಂಡು ಸ್ಪೀಕರಲ್ಲಿ ಹಾಕಿದ್ರು. ಮೈದುನನಿಗೆ ಕೇಳಿಸಿದ್ರು. "ದಿನಾ ಹತ್ತು ಮನೆ ಮಾಡ್ತಾನೆ ಅವನು, ಅವನಿಗೆ ಗೊತ್ತಿಲ್ವಾ" ಅಂದ್ರು.

ನಂಗೂ ಗೊತ್ತಿರೋದು ಸ್ವಲ್ಪಾನೇ. ಆದ್ರೆ ಇಷ್ಟು ಗೊತ್ತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಮೇಲೆ ಹೋಗಿ ಕಿಟಕೀಲಿ ಹಾರಿಹೋಗಲ್ಲ, ನೆಲದ ಮೇಲೆ ನೀರಿನ ಥರ ಹರಡಿಕೊಂಡು ಮೂಲೇಲಿ ನಿಲ್ಲತ್ತೆ. ಗಾಳೀಲಿ ನೂರಕ್ಕೆ ಎರಡು ಪಾಲು ಸೇರಿದ್ರೆ ಸಾಕು ಹತ್ತಿಕೊಳ್ಳೋಕೆ. ನಮ್ಮ ಹಳೇ ಒಲೆ ಸ್ಲ್ಯಾಬ್ ಮೇಲಿತ್ತು. ಈ ಓವನ್ ಬರ್ನರ್ ಇರೋದು ನೆಲದಿಂದ ಒಂದು ಗೇಣು ಮೇಲೆ. ಅದರ ಪಕ್ಕ ಫ್ರಿಜ್, ತನ್ನಷ್ಟಕ್ಕೆ ಟಕ್ ಅಂತ ಆನ್ ಆಗತ್ತೆ ಆಫ್ ಆಗತ್ತೆ. ಅದರಾಚೆ ದೇವರ ಗೂಡು, ನೆಲದ ಮಟ್ಟಕ್ಕೇ ಇದೆ, ಅತ್ತೆ ಸಂಜೆ ಹಚ್ಚಿದ ದೀಪ ರಾತ್ರಿ ಹತ್ತರ ತನಕ ಉರಿಯತ್ತೆ. ಹಿಂದೆ ಒಂದೊಂದೇ ಗುಳ್ಳೆ ಬಿಡ್ತಾ ಇರೋ ಪೈಪ್. ಬಾಗಿಲು ಕಿಟಕಿ ಹಾಕಿ ಎಲ್ಲರೂ ಮಲಗಿದ್ರೆ? ನಾನು ಯಾಕೆ ಇಷ್ಟು ಹೆದರ್ತೀನಿ ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು. ಚಿಕ್ಕಮ್ಮನ ಕೈ ಎಲ್ಲರೂ ನೋಡಿದಾರೆ. ಅದನ್ನ ಇಲ್ಲಿ ಬರೆಯಲ್ಲ.

ರೆಗ್ಯುಲೇಟರ್ ಆಫ್ ಮಾಡಿದೆ. ಲೈಟಿನ ಸ್ವಿಚ್ ಮುಟ್ಟಲಿಲ್ಲ, ಆನೂ ಇಲ್ಲ ಆಫೂ ಇಲ್ಲ, ಇದ್ದ ಹಾಗೇ ಬಿಟ್ಟೆ. ಕಿಟಕಿ, ಹಿಂದಿನ ಬಾಗಿಲು ತೆಗೆದೆ. ದೀಪ ಆರಿಸಿದೆ. ಬಾಯಲ್ಲಿ ಊದಿ ಆರಿಸಿದೆ, ಹೌದು. ಶನಿವಾರ ಸಂಜೆ ದೇವರ ದೀಪ ಬಾಯಲ್ಲಿ ಊದಿ ಆರಿಸಿದಳು, ಶಾಂತ ಮಾಡಬೇಕು ಅಂತಾನೂ ಗೊತ್ತಿಲ್ಲ ಇವಳಿಗೆ ಅಂತ ಅತ್ತೆ ಇವತ್ತಿನ ತನಕ ನನ್ನ ಹತ್ತಿರ ಮಾತಾಡಿಲ್ಲ. ಗ್ಯಾಸ್ ಬಗ್ಗೆ ಒಂದು ಮಾತಿಲ್ಲ, ದೀಪದ ಬಗ್ಗೆ ಮಾತ್ರ. ಅತ್ತೆ ಮೇಲೆ ನಂಗೆ ಸಿಟ್ಟಿಲ್ಲ. ಇದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ, ಇದೆ.

ಹೊರಗೆ ಮೆಟ್ಟಿಲ ಮೇಲೆ ನಿಂತ್ಕೊಂಡು 1906ಕ್ಕೆ ಫೋನ್ ಮಾಡಿದೆ. ಗ್ಯಾಸ್ ಲೀಕ್ ಆದ್ರೆ ಮಾಡೋ ನಂಬರು, ಯಾವ ಹೊತ್ತಲ್ಲಾದ್ರೂ ಮಾಡಬಹುದು. ಆ ಕಡೆಯ ಹುಡುಗಿ ನಗಲಿಲ್ಲ. "ರೆಗ್ಯುಲೇಟರ್ ಆಫ್ ಮಾಡಿದೀರಾ, ಮನೆಯವರೆಲ್ಲ ಹೊರಗೆ ಬಂದಿದಾರಾ" ಅಂತ ಕೇಳಿದಳು. ಅಷ್ಟಕ್ಕೇ ನಂಗೆ ಅಳು ಬಂತು. ಅಷ್ಟು ಹೊತ್ತಲ್ಲಿ ಅದನ್ನ ಕೇಳಿದೋರು ಅವಳೊಬ್ಬಳೇ.

ಎಂಟೂವರೆಗೆ ಏಜೆನ್ಸಿ ಕಡೆಯಿಂದ ಒಬ್ಬರು ಬಂದ್ರು, ವಯಸ್ಸಾದವರು, ಕನ್ನಡಕ. ಮೂಸಿದ್ರು, ಬಗ್ಗಿ ನೋಡಿದ್ರು. "ಯಾರಮ್ಮ ಇದನ್ನ ಹಾಕಿದ್ದು" ಅಂದ್ರು. ಕಿತ್ತಳೆ ಪೈಪನ್ನ ಟಾರ್ಚ್ ಹಾಕಿ ಓದಿದ್ರು, ಅದರ ಮೇಲೆ 2017 ಅಂತ ಅಚ್ಚಾಗಿತ್ತು. ಐದು ವರ್ಷಕ್ಕೆ ಬದಲಾಯಿಸಬೇಕಾದ್ದು. ಆ ಹಸಿರು ಪೈಪಿನ ಮೇಲಂತೂ ಏನೂ ಇಲ್ಲ, ಐಎಸ್‌ಐ ಮಾರ್ಕ್ ಇಲ್ಲ, ಒಳಗೆ ತಂತಿ ಇಲ್ಲ, ಉಗುರಲ್ಲಿ ಒತ್ತಿದ್ರೆ ತಗ್ಗು ಬೀಳತ್ತೆ. ಪೈಪ್ ಒಂದೂವರೆ ಮೀಟರ್ ದಾಟಬಾರದು, ಮಧ್ಯೆ ಜೋಡಣೆ ಇರಲೇಬಾರದು, ಓವನ್ ಬೆನ್ನಿಗೆ ತಾಗಬಾರದು, ಕಣ್ಣಿಗೆ ಕಾಣೋ ಹಾಗಿರಬೇಕು. ಅಷ್ಟು ಉದ್ದ ಬೇಕೇ ಬೇಕು ಅಂದ್ರೆ ತಾಮ್ರದ ಲೈನ್ ಎಳೆಸಿ ಅಂದ್ರು.

ಈಗ ಕೇಳಿ. ಇದನ್ನೆಲ್ಲ ಅವರು ಯಾರಿಗೆ ಹೇಳಿದ್ದು? ಶುರು ಮಾಡಿದ್ದು ನಂಗೇ. ಅಷ್ಟರಲ್ಲಿ ಇವರು ಅಡುಗೆಮನೆಗೆ ಬಂದ್ರು. ಬಂದಿದ್ದೇ ತಡ, ಆ ಮನುಷ್ಯ ನನ್ನ ಕಡೆ ಬೆನ್ನು ತಿರುಗಿಸಿ "ಸರ್, ಇಲ್ಲಿ ನೋಡಿ ಸರ್" ಅಂತ ಎಲ್ಲಾ ಇವರಿಗೆ ಹೇಳಿದ್ರು. ಇವರು ತಲೆ ಅಲ್ಲಾಡಿಸಿ "ಹೌದಾ, ಓಹೋ, ಹಾಗಾ" ಅಂತ ಕೇಳಿಸಿಕೊಂಡ್ರು, ಜೀವಮಾನದಲ್ಲೇ ಮೊದಲ ಸಲ ಕೇಳ್ತಿರೋ ಹಾಗೆ. ನಾಲ್ಕು ಗಂಟೆಯಿಂದ ನಾನು ಹೇಳ್ತಿದ್ದದ್ದು ಅದೇ ಮಾತು! ಒಂದಕ್ಷರ ಬೇರೆ ಇಲ್ಲ! ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ, ಇಬ್ಬರಿಗೂ ಬೆಳಕು ಸರಿಯಾಗಿ ಬೀಳಲಿ ಅಂತ.

ಒಳ್ಳೇ ಮನುಷ್ಯ ಅವರು, ಸುಳ್ಳು ಹೇಳಬಾರದು. ರಾತ್ರಿ ಬಂದ್ರು, ಆ ಜೋಡಣೆ ಕಿತ್ತು ಹಾಕಿದ್ರು, ಸಿಲಿಂಡರಿಗೆ ಕ್ಯಾಪ್ ಹಾಕಿ ದಾರ ಬಿಗಿದ್ರು. ಆದ್ರೂ ಕೇಳ್ತೀನಿ. ಐದು ವರ್ಷಕ್ಕೊಂದು ಸಲ ಮನೆಗೆ ಬಂದು ಪೈಪು ರೆಗ್ಯುಲೇಟರು ಒಲೆ ಎಲ್ಲಾ ಪರೀಕ್ಷೆ ಮಾಡಬೇಕು ಅಂತ ಇದ್ಯಲ್ಲ, ಹೋದ ಸಲ ನಮ್ಮ ಏಜೆನ್ಸಿಯಿಂದ ಬಂದ ಹುಡುಗ ಗೇಟಲ್ಲೇ ಸೈನ್ ಹಾಕಿಸಿಕೊಂಡು ದುಡ್ಡು ಇಸ್ಕೊಂಡು ಹೋದ. ಒಳಗೆ ಬಂದು ಒಂದು ಸಲ ನೋಡಿದ್ರೆ ಆ 2017ರ ಪೈಪ್ ಇಷ್ಟು ವರ್ಷ ಉಳೀತಿತ್ತಾ? ಮತ್ತೆ ನಾನು? ಸೈನ್ ಹಾಕಿದ್ದು ನಾನೇ ಅಲ್ವಾ. ಒಳಗೆ ಬನ್ನಿ ಅಂತ ಕರೀಬೇಕಿತ್ತು. ಒಲೆ ಮೇಲೆ ಹಾಲಿತ್ತು, ಅವಸರ ಇತ್ತು. ಯಾರನ್ನ ಬೈಬೇಕೋ ಗೊತ್ತಾಗ್ತಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದೆ. "ಸರ್ವಿಸ್‌ನವರು ಬೇರೆ ಮೇಡಂ, ನಾವು ಬರೀ ಸೇಲ್ಸ್." ಬಿಲ್ಲಿನ ಮೇಲಿದ್ದ ಸರ್ವಿಸ್ ನಂಬರಿಗೆ ಮಾಡಿದ್ರೆ "ಇನ್‌ಸ್ಟಲೇಶನ್ ಅಂಗಡಿಯವರೇ ಮಾಡಿಸಿದ್ದು ಮೇಡಂ, ನಮ್ಮ ಹುಡುಗ ಅಲ್ಲ." ಹಾಗಾದ್ರೆ ನಮ್ಮನೆಗೆ ಬಂದು ಸಿಲಿಂಡರಿಗೆ ಆರತಿ ಎತ್ತಿ ಹೋದವನು ಯಾರು? ಆಕಾಶದಿಂದ ಇಳಿದನಾ? ಯಾರು ಕಳಿಸಿದ್ರು ಅವನನ್ನ? ಇದಕ್ಕೆ ಉತ್ತರ ಕೊಡೋರು ಈ ಊರಲ್ಲಿ ಒಬ್ಬರಾದ್ರೂ ಇದಾರಾ?

ಇಲ್ಲ, ಯಾರೂ ಕೊಡಲ್ಲ ಅಂತ ಗೊತ್ತು. ಏನೂ ಆಗಲಿಲ್ಲ ಅಲ್ವಾ, ಯಾರಿಗೂ ಏನೂ ಆಗಲಿಲ್ಲ, ಇನ್ನೇನು ಬೇಕು ನಿಂಗೆ ಅಂತ ಇವರು ಕೇಳ್ತಾರೆ. ಏನಾದ್ರೂ ಆಗಿದ್ರೆ ಮಾತ್ರ ನಾನು ಹೇಳಿದ್ದು ಸರಿ ಅಂತಾಗ್ತಿತ್ತಾ? ಆಗ ಕೇಳೋಕೆ ಯಾರಿರ್ತಿದ್ರು?

ಇವತ್ತು ಮಧ್ಯಾಹ್ನ ಇವರು ಅಣ್ಣನ ಹತ್ತಿರ ಫೋನಲ್ಲಿ ಮಾತಾಡ್ತಿದ್ದದ್ದು ಕಿವಿಗೆ ಬಿತ್ತು. "ಸೋಪ್ ವಾಟರ್ ಹಾಕಿ ಚೆಕ್ ಮಾಡಿದ್ವಿ ಕಣೋ, ಲೀಕ್ ಇತ್ತು. ನಿಮ್ಮನೇಲೂ ಒಂದ್ಸಲ ನೋಡ್ಕೊ." ಮಾಡಿದ್ವಿ ಅಂತೆ. ಮಾಡಿದ್ವಿ! ನಾನು ಅಲ್ಲೇ ಬಟಾಣಿ ಬಿಡಿಸ್ತಾ ಕೂತಿದ್ದೆ. ಎದ್ದು ಹಿತ್ತಲಿಗೆ ಹೋದೆ, ಇಲ್ಲದಿದ್ರೆ ಏನಂತಿದ್ನೋ. ಆದ್ರೆ ಅಣ್ಣನ ಮನೇಲಿ ಮೂರು ಚಿಕ್ಕ ಮಕ್ಕಳಿದಾವೆ, ಅವರು ನೋಡ್ಕೊಂಡ್ರೆ ಒಳ್ಳೇದೇ. ಯಾರು ಹೇಳಿದ್ರೇನು. ಅಲ್ಲ, ನಾನು ಹೇಳಿದ್ದು ಅದು. ನಾನು.

ರೇಂಜ್ ಈಗಲೂ ಗೋಡೆಯಿಂದ ಎರಡು ಅಡಿ ಮುಂದೆ, ಬೆನ್ನು ತೋರಿಸ್ಕೊಂಡು ಅಡುಗೆಮನೆ ಮಧ್ಯೆ ನಿಂತಿದೆ, ಕಾಲ ಕೆಳಗೆ ಆ ರಟ್ಟು ಹಾಗೇ ಇದೆ. ಸಾರು ಅನ್ನ ಇಂಡಕ್ಷನ್ ಮೇಲೆ ಆಗ್ತಿದೆ. ವಿಡಿಯೋ ಇನ್ನೊಂದು ಸಲ ಅಂಗಡಿ ನಂಬರಿಗೆ ಕಳಿಸಿದೀನಿ, ನೀಲಿ ಟಿಕ್ ಬಂದು ಮೂರು ಗಂಟೆ ಆಯ್ತು. ನಾಳೆ ಹತ್ತಕ್ಕೆ ಅಂಗಡಿ ತೆಗೀತಾರೆ. ಆ ಹಸಿರು ಪೈಪು, ಹಿತ್ತಾಳೆ ತುಂಡು, ಹಳೇ ಪೈಪು, ಕ್ಲಾಂಪು, ಎಲ್ಲಾ ಒಂದು ಕವರಿಗೆ ಹಾಕಿಟ್ಟಿದೀನಿ. ನಾನು ಬರ್ಲಾ ಅಂತ ಇವರು ಕೇಳಿದ್ರು. ಬೇಡ ಅಂದೆ. ಇವರು ಬಂದ್ರೆ ಅವರು ಇವರ ಹತ್ತಿರಾನೇ ಮಾತಾಡ್ತಾರೆ.