ಎಂಬಿಎ ಮಾರ್ಕೆಟಿಂಗ್ ತಗೊಳ್ಳಲಾ ಅಂತ ಕೇಳುವವರಿಗೆ

ಎಂಬಿಎ ಸೀಟಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮುಗಿದು ಸೀಟು ಹಂಚಿಕೆ ಹತ್ತಿರ ಬಂತು ಅಂದರೆ ನನ್ನ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ. "ಅಕ್ಕಾ, ಎಂಬಿಎ ಸೀಟು ಸಿಗೋ ಹಾಗಿದೆ. ಮಾರ್ಕೆಟಿಂಗ್ ತಗೊಳ್ಳಲಾ, ಫೈನಾನ್ಸ್ ತಗೊಳ್ಳಲಾ? ಮನೇಲಿ ಎಚ್‌ಆರ್ ಅಂತಿದ್ದಾರೆ." ಕೇಳುವವಳು ಹುಡುಗಿಯಾದರೆ ಮನೆಯವರು ಎಚ್‌ಆರ್ ಅಂತಲೇ ಹೇಳಿರುತ್ತಾರೆ. ಎಸಿ ಆಫೀಸು, ಸಂಜೆ ಮನೆಗೆ. ಮಾರ್ಕೆಟಿಂಗ್ ಅಂದರೆ ಬ್ಯಾಗು ನೇತುಹಾಕಿಕೊಂಡು ಅಂಗಡಿ ಅಂಗಡಿ ಸುತ್ತೋದು, ಅದಕ್ಕೆ ಎರಡು ವರ್ಷ ಓದಬೇಕಾ ಅಂತ ಅಪ್ಪಂದಿರ ವಾದ.

ಅಪ್ಪಂದಿರು ಹೇಳುವುದು ಸುಳ್ಳೇನಲ್ಲ. ಮೊದಲ ಕೆಲಸ ಸೇಲ್ಸೇ. ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜಿನಲ್ಲಿ ಎಂಬಿಎ ಮಾಡಿ ಹೊರಬಂದವರನ್ನು ಯಾರೂ ನೇರವಾಗಿ ಬ್ರ್ಯಾಂಡ್ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಅಷ್ಟೇ ಯಾಕೆ, ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಓದಿ ಬಂದವರನ್ನೂ ಹಿಂದುಸ್ತಾನ್ ಯೂನಿಲಿವರ್‌ನಂಥ ಕಂಪನಿ ಮೊದಲು ಫೀಲ್ಡಿಗೆ, ಹಳ್ಳಿಗೆ ಕಳಿಸುತ್ತದೆ. ಅಂಗಡಿ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲದೆ ಮಾರ್ಕೆಟಿಂಗ್ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಆದ್ದರಿಂದ ಬಿಸಿಲಿಗೆ ಹೆದರುವವರು ಬೇರೆ ವಿಷಯ ತಗೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ನನ್ನ ತಕರಾರು ಕೋರ್ಸಿನ ಬಗ್ಗೆ ಅಲ್ಲ. ಕೋರ್ಸ್ ಕಲಿಸುವ ರೀತಿ ಬಗ್ಗೆ. ಗೇಟು ದಾಟಿದರೆ ಸಿಗುವ ಪೇಟೆಯನ್ನು ಬಿಟ್ಟು, ಎಲ್ಲೋ ಇರುವ ಪೇಟೆಯನ್ನು, ಪೇಟೆಯವರು ಆಡದ ಭಾಷೆಯಲ್ಲಿ ಎರಡು ವರ್ಷ ಕಲಿಸುತ್ತಾರೆ. ಆಮೇಲೆ ಕೆಲಸಕ್ಕೆ ಅಂತ ರಾಣೆಬೆನ್ನೂರಿಗೋ ಅರಸೀಕೆರೆಗೋ ಕಳಿಸುತ್ತಾರೆ.

ನಾಲ್ಕು ಸೆಮಿಸ್ಟರ್. ಮೊದಲ ವರ್ಷ ಎಲ್ಲರಿಗೂ ಒಂದೇ: ಅಕೌಂಟ್ಸ್, ಎಕನಾಮಿಕ್ಸ್, ಸ್ಟಾಟಿಸ್ಟಿಕ್ಸ್, ಮ್ಯಾನೇಜ್‌ಮೆಂಟ್. ಮಾರ್ಕೆಟಿಂಗ್ ಹುಡುಗರು ಈ ವರ್ಷವನ್ನು ಹೇಗೋ ದಾಟಿದರೆ ಸಾಕು ಅಂತಿರುತ್ತಾರೆ. ನನ್ನ ಲೆಕ್ಕದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ ವರ್ಷ. ಒಂದು ಸಣ್ಣ ಲೆಕ್ಕ ಕೇಳುತ್ತೇನೆ. ಹನ್ನೆರಡು ಪೀಸ್ ತಗೊಂಡರೆ ಒಂದು ಫ್ರೀ ಅಂತ ಸ್ಕೀಮ್ ಇದೆ. ಎಷ್ಟು ಪರ್ಸೆಂಟ್ ರಿಯಾಯಿತಿ? ತಟ್ಟನೆ ಹೇಳುವವರು 8.33 ಅನ್ನುತ್ತಾರೆ. ಅಂಗಡಿಯವನ ಕೈಗೆ ಬಂದಿದ್ದು 13 ಪೀಸ್, ಕಾಸು ಕೊಟ್ಟಿದ್ದು 12ಕ್ಕೆ. ಅಂದರೆ 7.69. ಪಕ್ಕದ ಕಂಪನಿಯವನು ಬಿಲ್ಲಿನಲ್ಲೇ 8 ಪರ್ಸೆಂಟ್ ಕಳೆದು ಕೊಡುತ್ತಿದ್ದರೆ ನಿಮ್ಮ ಸ್ಕೀಮ್ ಬಿದ್ದ ಹಾಗೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಅಂಗಡಿಯವರು ಇದನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ನಮ್ಮ ಪದವೀಧರರು ಮೊಬೈಲ್ ತೆಗೆಯುತ್ತಾರೆ.

ಎರಡನೇ ವರ್ಷ ಸ್ಪೆಷಲೈಸೇಶನ್. ಕನ್ಸ್ಯೂಮರ್ ಬಿಹೇವಿಯರ್, ಸರ್ವೀಸಸ್ ಮಾರ್ಕೆಟಿಂಗ್, ರೀಟೇಲ್, ಬ್ರ್ಯಾಂಡ್, ಡಿಜಿಟಲ್. ವಿಷಯಗಳೇನೋ ಚೆನ್ನಾಗಿವೆ. ಮೆಕಾರ್ಥಿ ಅನ್ನುವ ಅಮೆರಿಕದ ಪ್ರೊಫೆಸರ್ 1960ರಲ್ಲಿ ಹೇಳಿದ ನಾಲ್ಕು 'ಪಿ' ಇವತ್ತಿಗೂ ಗಟ್ಟಿಯಾಗಿಯೇ ಇವೆ: ಸರಕು (ಪ್ರಾಡಕ್ಟ್), ಬೆಲೆ (ಪ್ರೈಸ್), ಸಿಗುವ ಜಾಗ (ಪ್ಲೇಸ್), ಪ್ರಚಾರ (ಪ್ರಮೋಷನ್). ಫಿಲಿಪ್ ಕೋಟ್ಲರ್ ಬರೆದ ಮಾರ್ಕೆಟಿಂಗ್ ಪಠ್ಯಪುಸ್ತಕ ಅದನ್ನು ಲೋಕಕ್ಕೆಲ್ಲ ಹಂಚಿತು. ನಾವು ಮಾತ್ರ ಅದನ್ನು ಹತ್ತು ಮಾರ್ಕಿನ ಉತ್ತರ ಮಾಡಿಕೊಂಡಿದ್ದೇವೆ. ಒಂದೊಂದು 'ಪಿ'ಗೆ ನಾಲ್ಕು ಸಾಲು, ಕೆಳಗೊಂದು ಚಿತ್ರ. ಕ್ಯಾಂಪಸ್ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಶಾಂಪೂ ಸ್ಯಾಶೆ ನೇತಾಡುತ್ತಿರುತ್ತವೆ. ಪಕ್ಕದ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ 1983ರಲ್ಲಿ 15 ಸಾವಿರ ರೂಪಾಯಿ ಹಾಕಿ ಶುರು ಮಾಡಿದ ಚಿಕ್ ಶಾಂಪೂ ಮುಂದೆ 50 ಪೈಸೆ ಸ್ಯಾಶೆಯಲ್ಲಿ ಹಳ್ಳಿಗೆ ಹೋಯಿತು. ಬಾಟಲಿ ಕೊಳ್ಳಲಾಗದವರು ಒಂದು ತಲೆಸ್ನಾನಕ್ಕೆ ಬೇಕಾದಷ್ಟು ಕೊಂಡರು. ಸರಕಿನ ಅಳತೆ, ಬೆಲೆ, ಸಿಗುವ ಜಾಗ ಮೂರೂ ಒಂದೇ ಪೊಟ್ಟಣದಲ್ಲಿ ಬದಲಾದವು. ಇದನ್ನು ಕಲಿಸಲು ಪ್ರೊಜೆಕ್ಟರ್ ಬೇಕಾ?

ನನ್ನ ಕೈಗೆ ಸಿಲಬಸ್ ಕೊಟ್ಟರೆ ಒಂದು ಇಡೀ ಸೆಮಿಸ್ಟರ್ ಮೈಸೂರ್ ಸ್ಯಾಂಡಲ್ ಸೋಪ್ ಮೇಲೇ ಓದಿಸುತ್ತೇನೆ. ಮೊದಲ ಮಹಾಯುದ್ಧ ಬಂತು. ಮೈಸೂರು ಸಂಸ್ಥಾನದ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. ಕೊರಡುಗಳು ರಾಶಿ ಬಿದ್ದವು. ಮರವಾಗಿ ಮಾರಲಾಗದ್ದನ್ನು ಎಣ್ಣೆ ಮಾಡೋಣ, ಎಣ್ಣೆಯಿಂದ ಸೋಪ್ ಮಾಡೋಣ ಅನ್ನುವ ಯೋಚನೆ ಬಂದಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಸುಮಾರಿಗೆ. ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪ್ ಮಾಡುವುದನ್ನು ಕಲಿಸಿದರು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಇಡುವಂಥ ಡಬ್ಬಿ, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭ. ನೂರು ವರ್ಷವಾದರೂ ಯಾರೂ ಅದನ್ನು ಬೇರೆ ಸೋಪ್ ಅಂದುಕೊಳ್ಳುವುದಿಲ್ಲ. ಬ್ರ್ಯಾಂಡಿಂಗ್ ಅಂದರೆ ಇದು.

ಅದೇ ಸೋಪಿನ ಇತ್ತೀಚಿನ ಪಾಠವನ್ನೂ ನೋಡಿ. 2025ರ ಮೇ ತಿಂಗಳಲ್ಲಿ, ಈ ಸೋಪ್ ಮಾಡುವ ರಾಜ್ಯ ಸರ್ಕಾರದ ಕಂಪನಿಗೆ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದರು. ಇಲ್ಲಿ ಎಷ್ಟು ಜಗಳ ಆಯಿತು ಅಂತ ನಿಮಗೇ ಗೊತ್ತು. ಕನ್ನಡತಿ ಸಿಗಲಿಲ್ಲವಾ ಅಂತ ಒಂದು ಕಡೆಯವರು, ರಾಜ್ಯದ ಹೊರಗೆ ಮಾರುಕಟ್ಟೆ ಬೆಳೆಸಬೇಕು ಅಂತ ಸರ್ಕಾರದವರು. ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಮಾರ್ಕೆಟಿಂಗ್ ಓದಿದವರು ಕೇಳಬೇಕಾದ ಪ್ರಶ್ನೆಯನ್ನು ನಾನು ನೋಡಿದ ಪೋಸ್ಟ್‌ಗಳಲ್ಲಿ ಯಾರೂ ಕೇಳಲಿಲ್ಲ. ಲಖನೌದ ಗಿರಾಕಿ ಈ ಸೋಪ್ ಕೊಳ್ಳದಿರುವುದು ಹೆಸರು ಗೊತ್ತಿಲ್ಲದ್ದಕ್ಕಾ, ಬೀದಿ ಕೊನೆಯ ಅಂಗಡಿಯಲ್ಲಿ ಸಿಗದ್ದಕ್ಕಾ? ಹೆಸರು ಗೊತ್ತಿಲ್ಲ ಅಂದರೆ ಮುಖ ಬೇಕು. ಅಂಗಡಿಯಲ್ಲಿ ಇಲ್ಲ ಅಂದರೆ ಎಂಥಾ ಮುಖ ತಂದರೂ ಅಷ್ಟೇ. ಅಲ್ಲಿ ಬೇಕಿರುವುದು ಡಿಸ್ಟ್ರಿಬ್ಯೂಟರ್, ಸಾಲದ ಅವಧಿ, ಸೇಲ್ಸ್‌ಮನ್. ಇದನ್ನು ತರಗತಿಯಲ್ಲಿ ಎರಡು ಗುಂಪು ಮಾಡಿ ಚರ್ಚೆಗೆ ಬಿಟ್ಟರೆ ಬೆಲ್ ಹೊಡೆದರೂ ಮಕ್ಕಳು ಏಳುವುದಿಲ್ಲ. ಕನ್ನಡದಲ್ಲಿ ಬಿಟ್ಟರೆ ಇನ್ನೂ ಜೋರು.

ಹೌದು, ಕನ್ನಡದಲ್ಲಿ. ಗ್ರೂಪ್ ಡಿಸ್ಕಶನ್‌ನಲ್ಲಿ ಯಾರು ಗೆಲ್ಲುತ್ತಾರೆ? ಇಂಗ್ಲಿಷ್ ಸರಾಗವಾಗಿ ಬರುವವರು. ಪಿಯುವರೆಗೆ ಕನ್ನಡದಲ್ಲಿ ಓದಿ, ರಜೆಯಲ್ಲಿ ಮಾವನ ದಿನಸಿ ಅಂಗಡಿಯಲ್ಲಿ ನಿಂತು ಬೆಳೆದ ಹುಡುಗ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ. ಅವನಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಬೋಣಿ ಆಗುವ ಮುಂಚೆ ಅಂಗಡಿಗೆ ಹೋಗಿ ಪೇಮೆಂಟ್ ಕೇಳಬಾರದು ಅಂತ ಅವನಿಗೆ ಗೊತ್ತು. ದೀಪ ಹಚ್ಚುವ ಹೊತ್ತಲ್ಲಿ ಬಹಳ ಮಂದಿ ಕೈಯಿಂದ ದುಡ್ಡು ಬಿಡುವುದಿಲ್ಲ ಅಂತ ಗೊತ್ತು. ಯಾವ ಊರಲ್ಲಿ ಯಾವ ವಾರ ಸಂತೆ, ಸಂತೆಯ ಹಿಂದಿನ ದಿನ ಅಂಗಡಿಯವನು ಏನು ತುಂಬಿಸಿಕೊಳ್ಳುತ್ತಾನೆ, ಉದ್ರಿ ಪುಸ್ತಕದಲ್ಲಿ ಯಾರ ಹೆಸರು ಎಷ್ಟು ತಿಂಗಳಿಂದ ಇದೆ, ಎಲ್ಲವೂ ಗೊತ್ತು. ಕೆಲಸಕ್ಕೆ ಸೇರಿದ ಮೇಲೆ ಟಾರ್ಗೆಟ್ ಮುಟ್ಟುವುದು ಇದರಿಂದ. ಗದಗದ ಹೋಲ್‌ಸೇಲ್ ವ್ಯಾಪಾರಿ "ಬರ್ರಿ, ಕುಂದರ್ರಿ, ಚಾ ಕುಡೀರಿ" ಅಂದಾಗ ಕೂತು ಚಾ ಕುಡಿದವರಿಗೇ ಆರ್ಡರ್. ನಾನು ಹಾಸನದವಳು, ಆ ಕಡೆಯ ಕನ್ನಡಕ್ಕೆ ಕಿವಿ ಹೊಂದಿಸಿಕೊಳ್ಳಲು ನನಗೇ ಸ್ವಲ್ಪ ಸಮಯ ಬೇಕಾಯಿತು.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ರಿವ್ಯೂ ಮೀಟಿಂಗ್, ಮೇಲ್, ಬೆಂಗಳೂರಿನ ಬಾಸ್, ಎಲ್ಲದಕ್ಕೂ ಬೇಕು. ಕಲಿಯಿರಿ. ಅದಕ್ಕೆ ಎರಡು ವರ್ಷ ಸಾಕಾಗುತ್ತದೆ. ಆದರೆ ಪೇಟೆ ಬಲ್ಲವನನ್ನು ದಡ್ಡ ಅಂತ ಕೂರಿಸಿ, ಪೇಟೆಯನ್ನೇ ನೋಡದವನನ್ನು ಲೀಡರ್ ಮಾಡುವ ಕಾಲೇಜು ಕಲಿಸುತ್ತಿರುವುದು ಮಾರ್ಕೆಟಿಂಗ್ ಅಲ್ಲ.

ಇನ್ನು ಪ್ರಾಜೆಕ್ಟ್. ಇಡೀ ಕೋರ್ಸಿನಲ್ಲಿ ನಿಜವಾಗಿ ಹೊರಗೆ ಹೋಗುವ ಅವಕಾಶ ಇರುವುದು ಇದೊಂದರಲ್ಲೇ. ಅದನ್ನೂ ಹಾಳು ಮಾಡಿಕೊಂಡಿದ್ದೇವೆ. ಗೂಗಲ್ ಫಾರ್ಮ್ ಮಾಡುವುದು, ಕ್ಲಾಸ್ ಗ್ರೂಪಿಗೆ ಹಾಕುವುದು, ನೀನು ನನ್ನದು ತುಂಬು ನಾನು ನಿನ್ನದು ತುಂಬುತ್ತೇನೆ. ರಾತ್ರಿಯೊಳಗೆ ನೂರು ಉತ್ತರ ರೆಡಿ. "ಗ್ರಾಮೀಣ ಗೃಹಿಣಿಯರ ಡಿಟರ್ಜೆಂಟ್ ಆಯ್ಕೆ" ಅಂತ ವಿಷಯ, ಉತ್ತರ ಕೊಟ್ಟವರೆಲ್ಲ ಹಾಸ್ಟೆಲ್ ಹುಡುಗರು! ಪೈ ಚಾರ್ಟ್, ಸ್ಪೈರಲ್ ಬೈಂಡಿಂಗ್, ಗೈಡ್ ಸಹಿ, ಮುಗಿಯಿತು. ಇಂಥ ವರದಿಗಳನ್ನು ಇಂಟರ್‌ವ್ಯೂನಲ್ಲಿ ನಾನು ಕೈಗೆ ತಗೊಂಡಾಗ ಒಂದೇ ಪ್ರಶ್ನೆ ಕೇಳುತ್ತೇನೆ. "ನೀವು ಮಾತಾಡಿಸಿದ ಅಂಗಡಿಯವರಲ್ಲಿ ಜಾಸ್ತಿ ಬೈದವರು ಯಾರು, ಯಾಕೆ ಬೈದರು?" ನಿಜವಾಗಿ ಓಡಾಡಿದವರು ನಗುತ್ತಾ ಶುರು ಮಾಡುತ್ತಾರೆ. ಎಕ್ಸ್‌ಪೈರಿ ಮಾಲು ವಾಪಸ್ ತಗೊಂಡಿಲ್ಲ ಅಂತ ಬೈದ ಕಥೆ ಕೇಳಿಯೇ ನನಗೆ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಓದು ದಂಡ ಅನ್ನುವವರಿಗೂ ಒಂದು ಮಾತು. ಐಡಿ ಇಡ್ಲಿ ಹಿಟ್ಟಿನ ಪಿ.ಸಿ. ಮುಸ್ತಫಾ ಬೆಂಗಳೂರು ಐಐಎಂನಲ್ಲಿ ಓದಿದವರು. ಹಿಟ್ಟಿನ ಯೋಚನೆ ಹೊಳೆದದ್ದು ಮಾತ್ರ ಅಂಗಡಿಯಲ್ಲಿ. ಪ್ಲಾಸ್ಟಿಕ್ ಕವರಿಗೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿದ ಹಿಟ್ಟನ್ನು ಜನ ಕೊಳ್ಳುವುದನ್ನು ಅವರ ಬಂಧುವೊಬ್ಬರು ಗಮನಿಸಿದ್ದರು. 2005ರಲ್ಲಿ ತಿಪ್ಪಸಂದ್ರದ ಒಂದು ಪುಟ್ಟ ಕೋಣೆಯಲ್ಲಿ ಶುರು. ಹಿಟ್ಟು ಹುಳಿ ಬರುವ ಸರಕು. ಯಾವ ಅಂಗಡಿಗೆ ಎಷ್ಟು ಪ್ಯಾಕೆಟ್ ಅನ್ನುವ ಲೆಕ್ಕ ದಿನಾ ತಪ್ಪದೆ ಕೂಡಬೇಕು. ಅಲ್ಲಿ ಓದೂ ಬೇಕು, ಅಂಗಡಿಯೂ ಬೇಕು.

ಫೀಸ್ ಬಗ್ಗೆ ಉದ್ದ ಬರೆಯುವುದಿಲ್ಲ. ಬೆಂಗಳೂರು ಐಐಎಂನಲ್ಲಿ 20 ಲಕ್ಷ ದಾಟುತ್ತದೆ, ಆದರೆ ಅಲ್ಲಿನ ಲೆಕ್ಕವೇ ಬೇರೆ. ನಮ್ಮಂಥವರಿಗೆ ಹೇಳುವುದಾದರೆ, ಸರ್ಕಾರಿ ಕೋಟಾದ ಸೀಟಿಗಾಗಿ ಓದಿ. ಹೊಲ ಅಡ ಇಟ್ಟು ಮ್ಯಾನೇಜ್‌ಮೆಂಟ್ ಕೋಟಾಗೆ ಹೋಗಬೇಡಿ. ಈಗಾಗಲೇ ಕೆಲಸದಲ್ಲಿ ಇರುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ. ಹಗಲು ಬೀಟ್ ಮಾಡಿ, ಅಂದರೆ ತಮ್ಮ ಪಾಲಿನ ಅಂಗಡಿಗಳನ್ನು ಸುತ್ತಿ, ರಾತ್ರಿ ಓದುವವರಿಗೆ ಪುಸ್ತಕದ ಸಾಲು ಬೇಗ ತಲೆಗೆ ಹೋಗುತ್ತದೆ.

ಯಾವ ಕಾಲೇಜು ಅಂತ ಹೆಸರು ಹೇಳಿ ಅಂತ ಕೇಳಬೇಡಿ, ಹೇಳಲ್ಲ. ಆಪ್ಷನ್ ಎಂಟ್ರಿ ಮಾಡುವ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಮುಂಚೆ ಒಂದು ಸಲ ಕಾಲೇಜಿಗೆ ಹೋಗಿ. ಪ್ಲೇಸ್‌ಮೆಂಟ್ ಬ್ಯಾನರ್‌ನಲ್ಲಿ ಇರುವ ಫೋಟೋಗಳನ್ನು ಎಣಿಸುವುದು ಬಿಟ್ಟು ಸೀದಾ ಲೈಬ್ರರಿಗೆ ನಡೆಯಿರಿ. ಹೋದ ವರ್ಷದ ಮಾರ್ಕೆಟಿಂಗ್ ಪ್ರಾಜೆಕ್ಟ್ ವರದಿ ತೋರಿಸಿ ಅನ್ನಿ. ಅದರಲ್ಲಿ ನಿಮ್ಮ ಊರಿನ ಯಾವುದಾದರೂ ಅಂಗಡಿ, ಸಂತೆ, ಎಪಿಎಂಸಿ, ಹಾಲಿನ ಡೇರಿ ಕಾಣಿಸಿದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕಿ. ವರದಿಯನ್ನೇ ತೋರಿಸಲ್ಲ ಅಂದರೆ ಬಸ್ ಹತ್ತಿ, ಮುಂದಿನ ಕಾಲೇಜು ನೋಡಿ.